ನೆಲ ಬಿಡದವಳು

ನಮ್ಮ ಟಿವಿ ಸ್ಪರ್ಧೆಯಲ್ಲಿ ತೀರ್ಪು ಕೊಡುವುದು ಸುಲಭ. ಹಾಡು ಕೂಡಿ ಬಂದರೆ ಹಾಡುವವರು ನೆಲ ಬಿಟ್ಟು ಮೇಲೇರುತ್ತಾರೆ. ವೇದಿಕೆಯ ಹಿಂದಿನ ಅಳತೆಪಟ್ಟಿ ನೋಡಿ ನಾನು ಅಂಕ ಹಾಕುತ್ತೇನೆ. ಆವತ್ತು ಒಬ್ಬಾತ ದೀಪಗಳ ಮಟ್ಟಕ್ಕೆ ಏರಿಬಿಟ್ಟ. ಸೊಂಟಕ್ಕೆ ಕಟ್ಟಿದ್ದ ಹಗ್ಗ ಜಗ್ಗಿ ಇಳಿಸಬೇಕಾಯಿತು.

ಆಮೇಲೆ ರೋಣದ ರೇಣವ್ವ ಕೂಸನ್ನು ಎತ್ತಿಕೊಂಡು ಬಂದಳು, ಅದನ್ನು ವೇದಿಕೆಯ ಅಂಚಿನಲ್ಲಿ ಮಲಗಿಸಿದಳು. ಕಟ್ಟಲು ಹೋದವರಿಗೆ, "ಹಗ್ಗ ಬ್ಯಾಡ್ರಿ, ನಂದು ತೊಟ್ಟಿಲ ಹಾಡು," ಎಂದಳು.

ಹಾಡು ಶುರುವಾಯಿತು. ನಾನು ಅವಳ ಪಾದಗಳನ್ನೇ ನೋಡುತ್ತಿದ್ದೆ. ಹಿಮ್ಮಡಿ ಕೂಡ ಏಳಲಿಲ್ಲ. ಇಂಥವರನ್ನು ಯಾರು ಆರಿಸುತ್ತಾರೋ ಎಂದು ಗೊಣಗಿಕೊಂಡು, ಸೊನ್ನೆ ಹಾಕಲು ಪೆನ್ನಿಗೆ ಕೈ ಚಾಚಿದೆ. ಮೇಜು ಕೈಗೆ ಸಿಗಲಿಲ್ಲ. ಅದು ನನ್ನ ಕಾಲ ಕೆಳಗೆ, ಬಹಳ ಕೆಳಗೆ ಇತ್ತು. ಕ್ಯಾಮೆರಾದವರು, ತಬಲಾದವರು, ಪ್ರೇಕ್ಷಕರು ಎಲ್ಲರೂ ನನ್ನ ಸುತ್ತ ಸದ್ದಿಲ್ಲದೆ ತೇಲುತ್ತಿದ್ದರು. ಹಾಡುತ್ತಿದ್ದವಳೊಬ್ಬಳೇ ನೆಲದ ಮೇಲಿದ್ದಳು.

ಹಾಡು ಮುಗಿಯಿತು. ನಾವು ಮೆಲ್ಲಗೆ ಇಳಿಯತೊಡಗಿದೆವು.

"ನೀ ಯಾಕ ಏರಲಿಲ್ಲವ್ವ?" ಎಂದು ಮೇಲಿನಿಂದಲೇ ಕೇಳಿದೆ.

ರೇಣವ್ವ ಆಗಲೇ ಎರಡೂ ಕೈ ಮೇಲಕ್ಕೆ ಚಾಚಿ ನಿಂತಿದ್ದಳು.

"ನಾನೂ ಏರಿದ್ರ," ಎಂದಳು, "ಕೂಸನ್ನ ಹಿಡಕೊಳ್ಳೋರು ಯಾರ್ರಿ?"