ಹೊರಗಿನ ಊಟ

"ಏನಮ್ಮ ಗಾರ್ಗಿ, ಸಂತಪುರದ ಹೆಂಗಸರು ತಿಂಗಳಿಗೆ ಇಪ್ಪತ್ತಾರು ಸಲ ಹೊರಗೆ ಊಟ ಮಾಡ್ತಾರಾ? ಬೆಂಗಳೂರಿನವರೇ ನಾಲ್ಕು ದಾಟಿಲ್ಲ!"

ಫೋನಿನಲ್ಲಿ ಗುರುನಾಥ ಸರ್. ರಾಜ್ಯದ ಜನರ ಊಟ, ಆರೋಗ್ಯದ ಬಗ್ಗೆ ನಡೆಯುತ್ತಿದ್ದ ಸಮೀಕ್ಷೆಗೆ ಅವರೇ ಮುಖ್ಯಸ್ಥರು. ಹುಟ್ಟಿದ್ದು ಭಾಲ್ಕಿಯಲ್ಲಾದರೂ ಬೆಂಗಳೂರು ಸೇರಿ ಹದಿನೈದು ವರ್ಷವಾಗಿ, ಮಾತೂ ಅಲ್ಲಿನದೇ ಆಗಿಬಿಟ್ಟಿತ್ತು. ಬೀದರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ ಗಾರ್ಗಿ "ಹೂಂ ಸರ್" ಎಂದಳು. ಫೋನಿನಲ್ಲಿ ಅವಳಿಗೆ ಅದಕ್ಕಿಂತ ಹೆಚ್ಚು ಮಾತು ಬರುತ್ತಿರಲಿಲ್ಲ.

"ಹೂಂ ಅಂದರೆ? ಒಂದೋ ನೀನು ಮನೇಲಿ ಕೂತು ಫಾರಂ ತುಂಬಿದೀಯ, ಇಲ್ಲಾ ಅವರು ಹೋಟೆಲ್ಲಲ್ಲೇ ಸಂಸಾರ ಹೂಡಿದ್ದಾರೆ. ನಿಜವೇ ಆದರೆ ಹೊರಗಿನ ಊಟ ಬಿಡಿಸೋಕೆ ಜಾಗೃತಿ ಶಿಬಿರ ಮಾಡಿ ಅಂತ ಸರ್ಕಾರಕ್ಕೆ ಬರೀಬೇಕಾಗುತ್ತೆ. ಹೋಗಿ ವಿಚಾರಿಸು. ಮಧ್ಯಾಹ್ನದೊಳಗೆ ಕಾರಣ ಸಿಗದಿದ್ದರೆ ಆ ಊರಿನ ನಲವತ್ತೊಂದು ಫಾರಂನೂ ರದ್ದು. ಮುಂದಿನ ಸುತ್ತಿಗೆ ನಿನ್ನ ಹೆಸರೂ ಇರಲ್ಲ."

ಗಾರ್ಗಿ ಮನೆಯಲ್ಲಿ ಕೂತು ತುಂಬಿದವಳಲ್ಲ. ಚಪ್ಪಲಿಯ ಉಂಗುಷ್ಠ ಎರಡು ಸಲ ಕಿತ್ತುಹೋಗುವಷ್ಟು ತಿರುಗಿದ್ದಳು. ತಪ್ಪೆಂದರೆ ಒಂದೇ: ಎದುರಿನವರ ಮುಖ ನೋಡಲು ನಾಚಿಕೆಯಾಗಿ, ಟ್ಯಾಬನ್ನೇ ನೋಡುತ್ತ ಪ್ರಶ್ನೆ ಓದಿದ್ದಳು. 'ಕಳೆದ ಮೂವತ್ತು ದಿನಗಳಲ್ಲಿ ಎಷ್ಟು ಬಾರಿ ಹೊರಗೆ ಊಟ ಮಾಡಿದ್ದೀರಿ?' ಅವರು ಇಪ್ಪತ್ತಾರು ಎಂದರು, ಇವಳು ಇಪ್ಪತ್ತಾರು ಒತ್ತಿದಳು. ಪದವಿ ಮುಗಿಸಿ ಸಿಕ್ಕ ಮೊದಲ ನೌಕರಿ; ಸುಳ್ಳುಗಾರ್ತಿ ಎನಿಸಿಕೊಂಡು ಅದನ್ನು ಕಳೆದುಕೊಳ್ಳುವುದೆಂದರೆ! ಬಸ್ಸು ಸಂತಪುರ ಮುಟ್ಟುವವರೆಗೂ ಅವಳ ಕಿವಿ ಬಿಸಿಯಾಗೇ ಇತ್ತು.

ಅವಳು ಮೊದಲು ಹುಡುಕಿದ್ದು, ಇಪ್ಪತ್ತಾರು ಎಂದವರಲ್ಲಿ ಮೊದಲಿಗಳಾದ ದಾನಮ್ಮನ ಮನೆಯನ್ನು. ಬೀಗ ಹಾಕಿತ್ತು. ಪಕ್ಕದವರು ಹೊಲದ ದಾರಿ ತೋರಿಸಿದರು. ಸೋಯಾ ಹೊಲದ ಬದುವಿನಲ್ಲಿ, ಬೇವಿನ ಮರದ ಕೆಳಗೆ, ಕಳೆ ತೆಗೆಯಲು ಬಂದ ಹತ್ತು ಹೆಂಗಸರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು.

"ಬಂದ್ಳು ನೋಡ್ರೆವ್ವಾ, ಮಾರಿ ತೋರಿಸದ ಮೇಡಂ!" ದಾನಮ್ಮ ದೂರದಿಂದಲೇ ಕೂಗಿದಳು. "ಆವತ್ತ ಕೋಳಿ, ಕುರಿ, ಪಾಯಖಾನಿ ಎಲ್ಲಾ ಕೇಳಿ ಬರ್ಕೊಂಡ್ರಿ. ಇನ್ನ ಯಾನ್ ಉಳದಾದ್ರಿ?"

"ಅಲ್ರೀ ಅಕ್ಕಾ, ನೀವು ತಿಂಗಳಿಗೆ ಇಪ್ಪತ್ತಾರು ಸಲ ಹೊರಗ ಉಣ್ತೀನಿ ಅಂದಿದ್ರಿ. ಖರೇ ಏನ್ರಿ?"

"ಸಂತಿ ದಿನ ಬಿಟ್ಟು ದಿನಾ ಉಣ್ತೇನಿ. ಸುಳ್ಳ ಯಾಕ ಹೇಳ್ಲಿ?"

"ಹೋಟೆಲ್‌ನಾಗ?"

ರೊಟ್ಟಿ ಮುರಿಯುತ್ತಿದ್ದ ಕೈಗಳು ಅಲ್ಲಲ್ಲೇ ನಿಂತವು. ಆಮೇಲೆ ಎದ್ದ ನಗೆಗೆ ಬದುವಿನಾಚೆ ಮೇಯುತ್ತಿದ್ದ ಎಮ್ಮೆಯೂ ತಲೆಯೆತ್ತಿ ನೋಡಿತು.

"ಹೊರಗ ಅಂದ್ರ ಹೊರಗ, ತಂಗಿ," ದಾನಮ್ಮ ಕಣ್ಣೊರೆಸಿಕೊಂಡಳು. "ತಲಿ ಮ್ಯಾಲ ಮಾಳಗಿ ಇಲ್ದಲ್ಲಿ. ಹೋಟೆಲ್ ಅಂತ ಕೇಳಿದ್ರ ಹೋಟೆಲ್ ಅಂತ ಹೇಳ್ತಿದ್ದಿನಿ."

ಬೆಂಗಳೂರಿನವರು ಈ ಊಟ ಬಿಡಿಸಲು ಶಿಬಿರ ಮಾಡುವ ಯೋಚನೆಯಲ್ಲಿದ್ದಾರೆ, ಹೊರಗಿನ ಎಣ್ಣೆ ಪದಾರ್ಥ ಎದೆಗೆ ಒಳ್ಳೆಯದಲ್ಲವಂತೆ ಎಂದು ಗಾರ್ಗಿ ಮೆಲ್ಲಗೆ ಹೇಳಿದಳು. ಪಕ್ಕದಲ್ಲಿದ್ದ ರುಖ್ಸಾರ ತನ್ನ ರೊಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಎಣ್ಣಿ ಎಲ್ಲಿ ಅದರಿ ಮೇಡಂ? ಸಿಕ್ರ ನನಗೂ ಜರಾ ತೋರಸ್ರಿ."

"ಮೊದಲ ಕುಂಡ್ರು ನೀ," ಎಂದು ದಾನಮ್ಮ ಗಾರ್ಗಿಯ ಕೈಮೇಲೆ ಜೋಳದ ರೊಟ್ಟಿ ಇಟ್ಟು, ಅದರ ಮೇಲೆ ಪುಂಡಿ ಪಲ್ಯ, ಶೇಂಗಾ ಹಿಂಡಿ ಹಾಕಿದಳು. ಬ್ಯಾಡ್ರಿ, ಬ್ಯಾಡ್ರಿ ಎನ್ನುತ್ತಲೇ ಗಾರ್ಗಿ ಅರ್ಧ ರೊಟ್ಟಿ ಮುಗಿಸಿದ್ದಳು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಕೈಗೆಲ್ಲ ಪಲ್ಯ ಮೆತ್ತಿದ್ದರಿಂದ ಕಿರುಬೆರಳಿನಿಂದ ಸ್ಪೀಕರ್ ಒತ್ತಿದಳು.

"ಎಲ್ಲಿದೀಯ? ಏನ್ಮಾಡ್ತಿದೀಯ?"

"ಹೊರಗ ಉಣ್ಲತ್ತೀನಿ, ಸರ್."

"ಈಗ ಊಟನಾ! ಯಾವ ಹೋಟೆಲ್?"

ಹತ್ತೂ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಗಾರ್ಗಿ ತಲೆಯೆತ್ತಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಹೋಟೆಲ್ ಅಲ್ರಿ ಸರ್, ಹೊಲ. ಆ ನಲವತ್ತೊಂದರೊಳಗ ಹತ್ತು ಮಂದಿ ನನ್ನ ಬಾಜೂಕ ಕುಂತಾರ. ಅವರು ಹೊರಗ ಅಂದಿದ್ದು ಈ ಬೇವಿನ ಗಿಡದ ಬುಡಕ್ಕರಿ."

ಆ ಕಡೆಯಿಂದ ಬೆಂಗಳೂರಿನ ಮಾತೆಲ್ಲ ಜಾರಿಹೋದ ಒಂದು ದನಿ ಕೇಳಿಸಿತು. "ಅಯ್ಯ ಶಿವನ! ಹೊಲದಾಗೇನ? ನಮ್ಮವ್ವನೂ ಹಂಗೇ ಅಂತಿದ್ಲಲ್ಲ!"

ನಕ್ಕು ನಕ್ಕು, ಗಂಟಲು ಸರಿಮಾಡಿಕೊಂಡು ಅವರು ಮತ್ತೆ ಸರ್ ಆದರು. "ಸರಿ, ನಿನ್ನ ಫಾರಂ ರದ್ದು ಮಾಡಲ್ಲ. ಆದರೆ ಬುತ್ತಿ ಕಟ್ಕೊಂಡು ಬಂದದ್ದು ನಮ್ಮ ಲೆಕ್ಕದಲ್ಲಿ ಹೊರಗಿನ ಊಟ ಆಗಲ್ಲ. ಅಲ್ಲೆಲ್ಲ ಸೊನ್ನೆ ಹಾಕಿ, ಇಪ್ಪತ್ತಾರನ್ನೂ ಮನೆ ಊಟಕ್ಕೆ ಸೇರಿಸಿಬಿಡು."

"ಯಾಕ್ರಿ ಸಾಹೇಬ್ರ," ದಾನಮ್ಮ ಫೋನಿನ ಕಡೆ ಬಾಗಿದಳು. "ಮನ್ಯಾಗ ಎಲ್ಲರದೂ ಆದ ಮ್ಯಾಲ ಒಲಿ ಮುಂದ ನಿಂತು, ಗಡಿಗ್ಯಾಗ ಉಳದಿದ್ದ ಕೆರದು ಉಣ್ತೇವಿ. ಸೊನ್ನಿ ಹಾಕೂದಿದ್ರ ಅಲ್ಲಿ ಹಾಕ್ರಿ. ನಮ್ಮ ಹೊಟ್ಟಿ ತುಂಬೂದು ಇಲ್ಲೇರಿ."