ದನಿಯ ಪದರ

ಹನಮೇಶ ಕೊಳವೆಯನ್ನು ಉದ್ದಕ್ಕೆ ಸೀಳಿ ಮೇಜಿನ ಮೇಲೆ ಮಲಗಿಸುವುದಕ್ಕೂ ಶಿವಬಸವ್ವ ಪ್ರಯೋಗಾಲಯದ ಬಾಗಿಲಲ್ಲಿ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು. ಕೊಳವೆಯ ತುಂಬ ರಾಜಸ್ಥಾನದ ಬತ್ತಿದ ಕೆರೆಯ ಮಣ್ಣು. ಸಾವಿರಾರು ವರ್ಷಗಳ ಹಿಂದೆ ಆ ಮರುಭೂಮಿಯಲ್ಲಿ ಮಳೆ ಹೇಗಿತ್ತೆಂದು ತಿಳಿಯಲು ಅದನ್ನು ಧಾರವಾಡಕ್ಕೆ ತಂದವರು ಆಕೆಯ ಗಂಡ, ಪ್ರೊಫೆಸರ್ ಉಳವಪ್ಪ. ಮಣ್ಣು ತಂದ ತಿಂಗಳಲ್ಲೇ ಅವರನ್ನು ಮಣ್ಣು ಮಾಡಿದ್ದಾಗಿತ್ತು. ಕೊಳವೆ ಅಂದಿನಿಂದ ಮುಚ್ಚಿಯೇ ಇತ್ತು.

ಹನಮೇಶ ಪ್ರೊಫೆಸರರ ಶಿಷ್ಯ, ಎಲ್ಲರ ದನಿಯ ನಕಲು ಮಾಡುವವನು. ಅವನ ಗಂಟಲಲ್ಲಿ ಇಡೀ ಭೂಗರ್ಭಶಾಸ್ತ್ರ ವಿಭಾಗವೇ ಬಾಡಿಗೆಗಿತ್ತು. ಅದರಲ್ಲಿ ಉಳವಪ್ಪ ಸರ್‌ಗೆ ಮಹಡಿ ಮೇಲಿನ ದೊಡ್ಡ ಕೋಣೆ. ಕ್ಯಾಂಟೀನಿನಲ್ಲಿ ಅವರ ಹಾಗೆ ಮಾತಾಡಿ ಎಷ್ಟು ಚಹಾ ಗಿಟ್ಟಿಸಿದ್ದನೋ. ಸುದ್ದಿ ಮನೆಯವರೆಗೆ ಮುಟ್ಟಿರಬೇಕು ಎಂದುಕೊಂಡು, ತಪ್ಪಾತ್ರಿ ಅಕ್ಕಾರ ಎಂದು ಮೊದಲೇ ಕೈಮುಗಿದ.

ಆಕೆ ನಕ್ಕರು. ತಮ್ಮ ನಕಲು ಮಾಡುವ ಹುಡುಗನ ನಕಲನ್ನು ಸರ್ ಊಟಕ್ಕೆ ಕೂತಾಗ ಮಾಡಿ ತೋರಿಸುತ್ತಿದ್ದರಂತೆ. ಆಮೇಲೆ ನಗು ನಿಂತಿತು.

"ಮಾರಿ ಫೋಟೋದಾಗ ಐತಿ, ತಮ್ಮಾ. ದನಿ ಮರ್ತು ಹೊಂಟೈತಿ. ಟೇಪಿನ್ಯಾಗ ಹಿಡಿದಿಡಬೇಕಂತ ಯಾರಿಗೆ ಹೊಳದಿತ್ತು? ಒಮ್ಮಿ ಅವರಂಗ ಮಾತಾಡು."

ಹನಮೇಶ ಇಲ್ಲದ ಕನ್ನಡಕವನ್ನು ಮೂಗಿನ ಮೇಲೇರಿಸಿ, ಕೊಳವೆಯ ತಳದ ತುದಿಗೆ ಬೆರಳಿಟ್ಟ.

"ಮ್ಯಾಲಿಂದ ಓದಬ್ಯಾಡ್ರಿ, ತಳದಿಂದ ಓದ್ರಿ. ಈ ಕಪ್ಪು ರಾಡಿ ಐತಲ್ಲ, ಆಗ ಕೆರಿ ತುಂಬಿತ್ತು. ಈ ಬಿಳೇದು ಉಪ್ಪು, ನೀರು ಹೋದಮ್ಯಾಲೆ ಉಳದದ್ದು. ಇದರ ಮ್ಯಾಲೆ ಬರೇ ಉಸುಕು. ಮರುಭೂಮಿ ಬಂತು ನೋಡ್ರಿ."

ಶಿವಬಸವ್ವ ಕಣ್ಣು ಮುಚ್ಚಿ ಕೇಳಿದರು. ಬಿಳಿ ಗೆರೆಯ ಬಳಿ ಬೆರಳು ಒಯ್ದು, ಮುಟ್ಟದೆ ಹಿಂದೆಗೆದುಕೊಂಡರು. ದನಿ ಅವರದೇ ಹೌದು, ಆದರೆ ಇದು ಸಾಲಿಯಲ್ಲಿ ಪಾಠ ಹೇಳುವ ದನಿ ಅಂದರು. ಮನೆಯದು ಬೇರೆಯೇ ಇತ್ತಂತೆ.

ಹನಮೇಶ ಪೇಚಿಗೆ ಬಿದ್ದ. ಆ ಪದರ ಅವನ ಕಿವಿಗೆ ಎಂದೂ ಸಿಕ್ಕಿರಲಿಲ್ಲ. ಮರುಭೂಮಿಯಿಂದ ಮನೆಗೆ ಬಂದಾಗ ಸರ್ ಏನೆಂದು ಕರೆಯುತ್ತಿದ್ದರು ಎಂದು ಕೇಳಿದ.

"ಕರೀತಿರಲಿಲ್ಲ. ಹೊಸ್ತಿಲ ಹೊರಗ ನಿಂತು ಕೆಮ್ಮತಿದ್ರು."

ಆ ಕೆಮ್ಮು ಅವನಿಗೆ ಗೊತ್ತಿತ್ತು. ಬತ್ತಿದ ಕೆರೆಯ ದಂಡೆಯ ಡೇರೆಯಲ್ಲಿ, ದಿನವಿಡೀ ಧೂಳು ತಿಂದ ಸಂಜೆಗಳಲ್ಲಿ ಕೇಳಿದ್ದ. ಅದೊಂದನ್ನು ಮಾತ್ರ ಯಾವ ಚಹಾಕ್ಕೂ ಮಾರಿರಲಿಲ್ಲ. ಹೊರಗೆ ಹೋಗಿ ಬಾಗಿಲು ಮುಂದೆ ಮಾಡಿದ. ಒಮ್ಮೆ ಕೆಮ್ಮಿದ, ಸ್ವಲ್ಪ ತಡೆದು ಇನ್ನೊಮ್ಮೆ.

ಒಳಗೆ ಲಗುಬಗೆಯ ಹೆಜ್ಜೆ, ನಳ ತಿರುವಿದ ಸದ್ದು. ಬಾಗಿಲು ತೆರೆಯಿತು. ತಲೆಯ ಮೇಲೆ ಸೆರಗೆಳೆದುಕೊಂಡ ಶಿವಬಸವ್ವ, ಕಾಲಿಗೆ ನೀರು ಕೊಡಲು ಕೈಗೆ ಸಿಕ್ಕ ಗಾಜಿನ ಬೀಕರನ್ನೇ ತುಂಬಿ ಹಿಡಿದು, ಅವನನ್ನು ದಾಟಿ ಕಾರಿಡಾರಿನ ಆ ತುದಿಯವರೆಗೆ ನೋಡುತ್ತಿದ್ದರು.