ತೆವೇಯಾನ ಬಾಬಾಯಿ ಗುಂಡಿ

ತೆವೇಯಾ ಮುದುಕ ಮಾತು ಬಿಟ್ಟ ದಿನ ಶಾಂತಸಾಗರದ ನಡುವಿನ ತರಾವಾ ದ್ವೀಪದ ಕೋಳಿಗಳೆಲ್ಲ ಬೆದರಿ ತೆಂಗಿನ ಮರ ಹತ್ತಿದವು. ಸುಳ್ಳೆಂದರೆ ಕೋಳಿಗಳನ್ನೇ ಕೇಳಿ. ಅವನು ಈ ದಡದಲ್ಲಿ ಕೆಮ್ಮಿದರೆ ಆಸ್ಟ್ರೇಲಿಯಾದಲ್ಲಿ ತೊಟ್ಟಿಲ ಕೂಸು ಎಚ್ಚರಗೊಳ್ಳುತ್ತಿತ್ತು. ಅಂಥ ಗಂಟಲು ಈಗ ಮೊಮ್ಮಗಳು ರಕೋಬು ಮೀನು ಬಡಿಸಲಾ ಎಂದು ಕೇಳಿದರೂ ಪಿಟ್ಟೆನ್ನುತ್ತಿರಲಿಲ್ಲ.

ಕಾರಣ ಊರಿಗೆಲ್ಲ ಗೊತ್ತು. ರಕೋಬು ಹುಟ್ಟಿದ ವಾರವೇ ಅವನು ನೆಲ ಅಗೆದು, ಗುಂಡಿಯ ತಳದಲ್ಲಿ ಜಿನುಗುವ ಸಿಹಿನೀರಿನಲ್ಲಿ ಒಂದು ಬಾಬಾಯಿ ನೆಟ್ಟಿದ್ದ. ಬಾಬಾಯಿಯೆಂದರೆ ಕೆಸುವಿನ ಕುಲಕ್ಕೆ ಆನೆ. ಅದರ ಒಂದೊಂದು ಎಲೆಯಡಿ ಮೂರು ಸಂಸಾರ ಮಳೆಗಾಲ ಕಳೆಯಬಹುದು, ಜಗಳವಾಡದಿದ್ದರೆ. ಹುಡುಗಿಯ ಮದುವೆಗೆ ಆ ಗೆಡ್ಡೆಯನ್ನು ಕಿತ್ತು ಸಭಾಮನೆಯಲ್ಲಿ ಗಂಡಿನವರ ಮುಂದಿಡಬೇಕು. ಇಡಲಾಗದಿದ್ದರೆ ಆ ಹುಡುಗಿಯ ಹಿಂದೆ ನೆಲವೂ ಇಲ್ಲ, ನೀರೂ ಇಲ್ಲ ಎಂದೇ ಅರ್ಥ. ಆದರೆ ಒಂದು ಕಟ್ಟಳೆಯುಂಟು: ಬೆಳೆದವನು ತನ್ನ ಬಾಬಾಯಿಯನ್ನು ತಾನೇ ಹೊಗಳಬಾರದು. ಹೊಗಳಿದರೆ ಬೇರು ಮುನಿಯುತ್ತದೆ. ತೆವೇಯಾ ಮದುವೆ ಗೊತ್ತುಮಾಡಿದ ಊಟದಲ್ಲಿ ಎದ್ದು ನಿಂತು, ನನ್ನ ಗೆಡ್ಡೆ ಹೊರಲು ಆಳುಗಳು ಸಾಲರು, ಹಡಗು ತನ್ನಿ ಎಂದುಬಿಟ್ಟ. ಮುಂದಿನ ಹುಣ್ಣಿಮೆಯ ಉಬ್ಬರ ಇಳಿಯುವಷ್ಟರಲ್ಲಿ ಎಲೆಯಂಚು ಹಳದಿಯಾಗಿತ್ತು.

ಅಂದಿನಿಂದ ಅವನ ಬಾಯಿಗೆ ಬೀಗ. ಬೆಳಗಾದರೆ ಗುಂಡಿಗಿಳಿದು, ಕೊಳೆತ ಸೊಪ್ಪನ್ನು ಬುಡಕ್ಕೆ ತುಂಬಿ, ಒಂದೊಂದೇ ಎಲೆಯನ್ನು ನೇವರಿಸಿ, ಮತ್ತೆ ಅಂಚಿನಲ್ಲಿ ಕೂರುತ್ತಿದ್ದ. ಎಲೆ ಬಿಟ್ಟು ಬೇರೆತ್ತಲೂ ನೋಡುತ್ತಿರಲಿಲ್ಲ. ಯಾವ ತಪ್ಪಿತಸ್ಥನೂ ಯಾವ ದೇವರ ಮುಂದೆಯೂ ಹಾಗೆ ಕೂತಿರಲಾರ.

ಮದುವೆಗೆ ವಾರವಿತ್ತು. ರಕೋಬು ಹೊರಗಡಲ ದಂಡೆಯಲ್ಲಿ ಹೆಂಗಸರ ಜೊತೆ ಹವಳದ ಜಲ್ಲಿ ಕೆರೆದು ಚೀಲಕ್ಕೆ ತುಂಬುತ್ತಿದ್ದಳು. ದ್ವೀಪದ ಆಚೆ ಮಗ್ಗುಲಿನ ಒಳಗಡಲನ್ನು ತುಂಬಿ ಹೊಸ ನೆಲ ಮಾಡುತ್ತಿದ್ದ ಕಂಟ್ರಾಕ್ಟರನ ಲಾರಿಗಳಿಗೆ ಎಷ್ಟು ಜಲ್ಲಿ ಸುರಿದರೂ ಸಾಲದು. ಬಿಟ್ಟರೆ ಚಂದ್ರನನ್ನೂ ಪುಡಿಮಾಡಿ ಹೇರಿಕೊಂಡು ಹೋಗುವಂಥವು. ಆ ಹೊಸ ನೆಲದ ಮೇಲೆಯೇ ಮದುಮಕ್ಕಳಿಗೂ ಒಂದು ಮನೆ ಎದ್ದಿತ್ತು. ಮದುಮಗನ ಸೋದರತ್ತೆ ಬ್ವಾಟಿಯಾ ಕೆರೆಗೋಲು ಊರಿ ನಿಂತು, ಎಲ್ಲರಿಗೂ ಕೇಳುವಂತೆ ಕೇಳಿದಳು:

"ಏನೇ ಹುಡುಗಿ, ನಿಮ್ಮಜ್ಜಂಗೆ ಹಡಗು ಸಿಕ್ತಾ? ಇಲ್ಲಾ ಗೆಡ್ಡೇನ ಲುಂಗಿ ಗಂಟಲ್ಲೇ ಕಟ್ಕೊಂಡು ಬರ್ತಾನಾ?"

ಹೆಂಗಸರು ನಕ್ಕರು. ರಕೋಬುವೂ ನಕ್ಕಳು, ನಗದೆ ಗತಿಯಿರಲಿಲ್ಲ. ನಗುತ್ತ ಮುಖ ತಿರುಗಿಸಿದವಳಿಗೆ ಅಜ್ಜನ ಬೋಳುತಲೆ ಕಂಡಿತು. ಅದರ ಪಕ್ಕದಲ್ಲೇ ಹಳದಿ ಎಲೆ. ನಗು ಅಲ್ಲೇ ನಿಂತಿತು. ಅವಳು ಹುಟ್ಟಿದಂದಿನಿಂದ ಈ ದಂಡೆಗೆ ಅಜ್ಜನ ಗುಂಡಿ ಕಂಡಿದ್ದಿಲ್ಲ. ನಡುವೆ ಜಲ್ಲಿಯ ದಿಬ್ಬವಿತ್ತು, ಮೋಡಗಳು ಬಳಸಿಕೊಂಡು ಹೋಗುವಷ್ಟು ಎತ್ತರದ್ದು. ಅದು ಚೀಲ ಚೀಲವಾಗಿ ಎದ್ದು ಹೋಗಿತ್ತು.

ಅವಳು ಕೆರೆಗೋಲು ಬಿಸಾಡಿ ಓಡಿದಳು. ಒಡೆಯನಲ್ಲದೆ ಇನ್ನೊಬ್ಬರು ಇಳಿಯಬಾರದ ಗುಂಡಿಗೆ ಅಜ್ಜನ ಕಣ್ಣೆದುರೇ ಇಳಿದು, ಬೊಗಸೆ ನೀರು ಬಾಯಿಗೆ ಹಾಕಿ ಉಗಿದಳು. ಮನೆಯ ಬಾವಿನೀರಿನ ಚಹಾಕ್ಕೂ ಈಚೆಗೆ ಅವಳು ಸಕ್ಕರೆ ಹೆಚ್ಚಿಸುತ್ತ ಬಂದಿದ್ದಳು. ಅಂಗಡಿಯ ಸಕ್ಕರೆಯನ್ನು ಬೈದಿದ್ದಳು. ನಮ್ಮ ಹವಳದ ನೆಲದಡಿ ಸಿಹಿನೀರು ಉಪ್ಪುನೀರಿನ ಮೇಲೆ ಹಾಲಿನ ಕೆನೆಯಂತೆ ತೇಲುತ್ತದೆ. ದಂಡೆ ಸವೆದರೆ ಕೆನೆ ಒಡೆಯುತ್ತದೆ. ಇಲ್ಲಿನ ಏಡಿಮರಿಗೂ ಗೊತ್ತಿರುವ ವಿಷಯ. ಗೊತ್ತಿದ್ದೇ ಎಲ್ಲರೂ ಕೆರೆದಿದ್ದರು.

ಅವಳು ಕೆಸರಿನೊಳಗೆ ಗೆಡ್ಡೆಯನ್ನು ತಡಕಿದಳು. ಬೆರಳುಗಳು ಗೆಡ್ಡೆಯೊಳಕ್ಕೆ ಹಾಗೇ ಇಳಿದು ಹೋದವು.

"ಅಜ್ಜಾ, ಇದು ನಿನ್ನ ನಾಲಿಗೆ ಮಾಡಿದ್ದಲ್ಲ. ಉಪ್ಪು. ಸಮುದ್ರ ಒಳಗೆ ಬಂದುಬಿಟ್ಟಿದೆ."

ಮುದುಕ ಬಾಗಿ ಅವಳ ಒದ್ದೆ ಅಂಗೈಯನ್ನು ನಾಲಿಗೆಗೆ ಮುಟ್ಟಿಸಿಕೊಂಡ. ಆಮೇಲೆ ಮೊದಲ ಸಲ ಎಲೆಯಿಂದ ಕಣ್ಣು ಕಿತ್ತು ಕಡಲ ಕಡೆ ನೋಡಿದ. ಕೂತಲ್ಲಿಗೇ ಅಲೆಯ ನೊರೆ ಕಾಣುತ್ತಿತ್ತು. ಬಳಸದೆ ಬಿಟ್ಟ ಗಂಟಲಿನಿಂದ ದನಿ ಎಳೆಯಾಗಿ ಹೊರಬಂತು.

"ದಿಬ್ಬ ಎಲ್ಲಿ?"

"ನನ್ನ ಹೊಸ ಮನೆ ಕೆಳಗೆ, ಅಜ್ಜಾ."

ಬೈಯುತ್ತಾನೆ ಎಂದು ಅವಳು ಕಾದಳು. ದ್ವೀಪವೇ ಅದುರುವಂತೆ ಒಮ್ಮೆ ಬೈದುಬಿಡಲಿ, ಹಾಗಾದರೂ ಆ ಗಂಟಲು ಮರಳಿ ಬರಲಿ ಎಂದು ಕಾದಳು. ಅವನು ಅವಳ ಕೈ ಹಿಡಿದು ಮೇಲೆಳೆದುಕೊಂಡ. ಕೊಳೆತ ಗೆಡ್ಡೆ ಮೆತ್ತಿದ್ದ ಬೆರಳುಗಳನ್ನು ತನ್ನ ಲುಂಗಿಯ ತುದಿಯಿಂದ ಒಂದೊಂದಾಗಿ ಒರೆಸಿದ.

"ನನ್ನ ನಾಲಿಗೇನೇ ಆಗಿದ್ರೆ ಚೆನ್ನಾಗಿತ್ತು ಮಗಾ," ಎಂದ. "ನಾನೊಬ್ಬ ಬಾಯಿ ಮುಚ್ಕೊಂಡಿದ್ರೆ ಸಾಕಾಗ್ತಿತ್ತು."